ಒಂದು ವರ್ಷದ ಸೇವೆಗೆಂದು ಹೋದವರು

ರಜೆಯ ದಿನಗಳು ಬಂದರೆ ಅಮೆರಿಕ, ಬ್ರಿಟನ್, ದಕ್ಷಿಣ ಕೊರಿಯಾ ಮೊದಲಾದ ದೇಶಗಳ ಅನೇಕ ಚರ್ಚುಗಳು ತಮ್ಮ ಸದಸ್ಯರನ್ನು ಪರದೇಶಗಳಿಗೆ ಸೇವಾಯಾತ್ರೆಗೆ ಕಳುಹಿಸುತ್ತವೆ. ಯಾತ್ರೆಯ ಅವಧಿ ಬಹುಮಟ್ಟಿಗೆ ಒಂದು ವಾರ ಅಥವಾ ಎರಡು ವಾರ. ಕೆಲವು ದಂಪತಿಗಳು ತಮ್ಮ ಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಬಡ ಊರೊಂದರ ಶಾಲೆಗೆ ಬಣ್ಣ ಬಳಿಯುವುದು, ಅಲ್ಲಿಯ ಮಕ್ಕಳಿಗೆ ಆಟ ಹಾಡುಗಳನ್ನು ಕಲಿಸುವುದು, ಕಣ್ಣು ಹಲ್ಲುಗಳ ತಪಾಸಣೆ ನಡೆಸುವುದು, ಕುಟುಂಬಗಳಿಗೆ ದವಸ ಬಟ್ಟೆ ಹಂಚುವುದು, ಇವು ಅಲ್ಲಿ ನಡೆಯುವ ಕೆಲಸಗಳು. ಹೋದವರ ಮನಸ್ಸಿನಲ್ಲಿ ಕಪಟವಿಲ್ಲ. ಸ್ವಂತ ಹಣ ವೆಚ್ಚಮಾಡಿ, ವಿಶ್ರಾಂತಿಯ ದಿನಗಳನ್ನು ತೊರೆದು ಹೋಗುವವರನ್ನು ಹಗುರವಾಗಿ ಕಾಣಬಾರದು.

ಆದರೆ ಅವರು ಮರಳಿದ ಮೇಲೆ ಆ ಊರಿನಲ್ಲಿ ಉಳಿಯುವುದೇನು? ಈ ಪ್ರಶ್ನೆಯನ್ನು ಈಗ ಚರ್ಚುಗಳ ಒಳಗಿನವರೇ ಕೇಳತೊಡಗಿದ್ದಾರೆ. ಊರಿನ ಗಾರೆ ಕೆಲಸದವನು ಮಾಡಬಹುದಾದ ಕೆಲಸವನ್ನು ವಿಮಾನದಲ್ಲಿ ಬಂದವರು ಮಾಡಿದರೆ ಅವನ ಕೂಲಿ ಹೋಗುತ್ತದೆ. ಅನಾಥಾಲಯಗಳ ವಿಷಯವಂತೂ ಇನ್ನೂ ಗಂಭೀರ. ತಿಂಗಳಿಗೊಂದು ತಂಡ ಬಂದು ಮಕ್ಕಳನ್ನು ಎತ್ತಿ ಮುದ್ದಾಡಿ ಹೊರಟುಹೋದರೆ, ಪ್ರತಿ ಸಲವೂ ಆ ಮಗು ಒಬ್ಬರನ್ನು ಹಚ್ಚಿಕೊಂಡು ಕಳೆದುಕೊಳ್ಳುತ್ತದೆ. ಕಾಂಬೋಡಿಯದಂಥ ದೇಶಗಳಲ್ಲಿ ಅನಾಥಾಲಯಗಳಲ್ಲಿರುವ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಸಂದರ್ಶಕರ ಕಾಣಿಕೆಗಾಗಿಯೇ ಮಕ್ಕಳನ್ನು ಮನೆಯಿಂದ ಬಿಡಿಸಿ ತಂದ ಪ್ರಕರಣಗಳೂ ಬಯಲಿಗೆ ಬಂದಿವೆ. 2018ರಲ್ಲಿ ಆಸ್ಟ್ರೇಲಿಯ ಆಧುನಿಕ ಗುಲಾಮಗಿರಿಯ ವಿರುದ್ಧ ಕಾಯಿದೆ ತಂದಾಗ ಈ ಪಿಡುಗನ್ನೂ ಗಮನಕ್ಕೆ ತೆಗೆದುಕೊಂಡಿತು.

ಹಿಂದಿನ ಕಾಲದ ಮಿಷನರಿಗಳ ಲೆಕ್ಕ ಬೇರೆ. ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣಿಸಿ ಬಂದವರು ಎರಡು ವಾರಕ್ಕೆ ಮರಳುವ ಮಾತೇ ಇರಲಿಲ್ಲ. ಮುಂಬಯಿಗೆ 1813ರಲ್ಲಿ ಬಂದ ಅಮೆರಿಕನ್ ಮಿಷನ್ ಅದೇ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಸೊಲ್ಲಾಪುರದಲ್ಲಿ ನೆಲೆಯೂರಿತು. 1899–1900ರ ಭೀಕರ ಬರಗಾಲದಲ್ಲಿ ತಬ್ಬಲಿಗಳಾದ ಮಕ್ಕಳನ್ನು ಸಾಕಿತು, ಶಾಲೆಗಳನ್ನೂ ಶಿಶುವಿಹಾರವನ್ನೂ ನಡೆಸಿತು. ಅವರ ಧರ್ಮಪ್ರಚಾರವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅತ್ತ ಕನ್ನಡನಾಡಿಗೆ 1834ರಲ್ಲಿ ಬಾಸೆಲ್ ಮಿಷನ್ ಬಂದಿತು. ಆ ಮಿಷನ್ನಿನ ಹೆರ್ಮನ್ ಮೋಗ್ಲಿಂಗರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದರು. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲರ ನಿಘಂಟು ಮುದ್ರಣವಾದದ್ದು 1894ರಲ್ಲಿ. ನಡುವೆ 41 ವರ್ಷ! ಸೇವೆ ಮಾಡಬಂದವರು ಮೊದಲು ವಿದ್ಯಾರ್ಥಿಗಳಾಗಿ ಕುಳಿತು ಜನರ ನುಡಿಯನ್ನು ಕಲಿತರೆಂಬುದನ್ನು ಗಮನಿಸಬೇಕು.

ಅಲ್ಪಾವಧಿಗೆ ಹೋದವರಿಗೆ ಇದು ಸಾಧ್ಯವೇ ಎಂದು ಕೇಳುವವರಿಗೆ ಉತ್ತರ ನಮ್ಮ ಸೊಲ್ಲಾಪುರದಲ್ಲೇ ಇದೆ. ಅದು ಚರ್ಚಿನ ಯಾತ್ರೆಯಲ್ಲ, ವೈದ್ಯರ ಯಾತ್ರೆ. ಆದರೂ ಅದನ್ನು ಕರೆದದ್ದು ‘ಮಿಷನ್’ ಎಂದೇ. ಜಪಾನಿನ ಆಕ್ರಮಣಕ್ಕೆ ಸಿಲುಕಿದ ಚೀನಾ ವೈದ್ಯರಿಗಾಗಿ ಮೊರೆಯಿಟ್ಟಾಗ, 1938ರಲ್ಲಿ ಕಾಂಗ್ರೆಸ್ ಐವರು ವೈದ್ಯರ ತಂಡವನ್ನು ಕಳುಹಿಸಿತು. ಸುಭಾಷಚಂದ್ರ ಬೋಸರು ಆಗ ಕಾಂಗ್ರೆಸ್ಸಿನ ಅಧ್ಯಕ್ಷರು. ಐವರಲ್ಲಿ ಒಬ್ಬರು, 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ವೈದ್ಯವಿದ್ಯೆ ಕಲಿತ ಡಾ. ದ್ವಾರಕಾನಾಥ ಕೋಟ್ಣೀಸ್. ಹೊರಟದ್ದು ಸುಮಾರು ಒಂದು ವರ್ಷದ ಸೇವೆಗೆ.

ಚೀನಾದಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂದಿತು. ಹಿಂದಿರುಗುವ ಅವಕಾಶವಿದ್ದರೂ ಕೋಟ್ಣೀಸರು ಅಲ್ಲಿಯೇ ಉಳಿದರು. ಉತ್ತರ ಚೀನಾದ ಯುದ್ಧಭೂಮಿಯ ಹಳ್ಳಿಗಳಲ್ಲಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತ, ಊರಿನ ಬಡವರಿಗೂ ಮದ್ದು ಕೊಡುತ್ತ ತಿರುಗಿದರು. ಅಲ್ಲಿ ಅವರಿಗಿಂತ ಮೊದಲು ದುಡಿದು 1939ರಲ್ಲಿ ಮಡಿದ ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನರ ಹೆಸರಿನ ಆಸ್ಪತ್ರೆಗೆ 1941ರಲ್ಲಿ ಮುಖ್ಯಸ್ಥರಾದರು. ಬೆಥ್ಯೂನರ ತಂದೆ ಕ್ರೈಸ್ತ ಪಾದ್ರಿಗಳು, ಮಗ ಕಮ್ಯುನಿಸ್ಟ್. ಸೇವೆಯ ದಾರಿಗಳು ಹೀಗೂ ಕೂಡುತ್ತವೆ. ಕೋಟ್ಣೀಸರು ಚೀನೀ ಭಾಷೆಯನ್ನು ಕಲಿತು ಅಲ್ಲಿಯ ಯುವಕರಿಗೆ ಅವರದೇ ನುಡಿಯಲ್ಲಿ ವೈದ್ಯಪಾಠ ಹೇಳಿದರು. ತಾನು ಹೋದ ಮೇಲೂ ಅಲ್ಲಿ ವೈದ್ಯರಿರಬೇಕಾದರೆ ಬೇರೆ ದಾರಿಯಿರಲಿಲ್ಲ. ಅಲ್ಲಿಯೇ ದಾದಿ ಗುವೊ ಚಿಂಗ್‌ಲಾನರನ್ನು ವರಿಸಿದರು. 1942ರಲ್ಲಿ ಹುಟ್ಟಿದ ಮಗನಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ. ಮಗ ತಿಂಗಳುಗಳ ಕೂಸಾಗಿದ್ದಾಗಲೇ, ಅದೇ ವರ್ಷದ ಡಿಸೆಂಬರ್ 9ರಂದು, ಅಪಸ್ಮಾರದಿಂದ ಕೋಟ್ಣೀಸರು ಅಸುನೀಗಿದರು. ಆಗ ಅವರಿಗೆ 32 ವರ್ಷ. ಶಸ್ತ್ರಚಿಕಿತ್ಸೆಯ ಪಠ್ಯಪುಸ್ತಕವೊಂದನ್ನು ಬರೆಯುತ್ತಿದ್ದರು, ಅದು ಅರ್ಧಕ್ಕೆ ನಿಂತಿತು. 1946ರಲ್ಲಿ ವಿ. ಶಾಂತಾರಾಮರು ಅವರ ಕಥೆಯನ್ನು ಚಲನಚಿತ್ರ ಮಾಡಿದರು. ನಮ್ಮ ಹಿರಿಯರಲ್ಲಿ ಅನೇಕರು ಅವರನ್ನು ತಿಳಿದದ್ದು ಆ ಚಿತ್ರದಿಂದಲೇ.

ಎಲ್ಲರೂ ಕೋಟ್ಣೀಸರಾಗಲಾರರು, ಆಗಬೇಕಾಗಿಯೂ ಇಲ್ಲ. ಏಳು ದಿನದ ಸೇವೆಗೂ ಅದರದೇ ಬೆಲೆಯುಂಟು. ನಮ್ಮ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ವಿಶೇಷ ಶಿಬಿರವೂ ಏಳೇ ದಿನದ್ದು. ಹೋಟಗಿಯ ಸುತ್ತಲೋ ಅಕ್ಕಲಕೋಟದ ಕಡೆಗೋ ಇಂಥ ಶಿಬಿರ ನಡೆಯಿತೆನ್ನಿ. ಬರುವ ವಿದ್ಯಾರ್ಥಿಗಳಲ್ಲಿ ಹಲವರಿಗೆ ಮರಾಠಿ ಬಿಟ್ಟರೆ ಬೇರೆ ಬಾರದು. ಆರೋಗ್ಯ ತಪಾಸಣೆಗೆ ಬಂದ ಮುದುಕಿ “ಹೊಟ್ಟಿ ಕಡ್ಯಾಕ ಹತ್ತೈತಿ ಯಪ್ಪಾ” ಎಂದರೆ, ಬರೆದುಕೊಳ್ಳುವ ಹುಡುಗ ಏನೆಂದು ಬರೆದುಕೊಂಡಾನು? ಹೊಟ್ಟೆ ನುಲಿಯುತ್ತಿದೆ ಎಂದು ಅವನಿಗೆ ತಿಳಿಸಿಕೊಡುವವರು ಪಕ್ಕದಲ್ಲಿರಬೇಕು. ಅಂಗನವಾಡಿಯ ಕೂಸು ಹೊಸಬರ ಮುಂದೆ ಬಾಯಿ ಬಿಡದಿದ್ದರೆ ಅದನ್ನು ಮಂಕು ಎಂದು ಎಣಿಸಲೂಬಹುದು.

ಇಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಒಂದು ಕೆಲಸವಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡಿ ಬೆಳೆದ ನಮ್ಮ ಏಳನೆಯ, ಎಂಟನೆಯ ಇಯತ್ತೆಯ ಹುಡುಗ ಹುಡುಗಿಯರು ಎರಡೂ ನುಡಿಗಳನ್ನು ಬಲ್ಲವರು. ಶಿಬಿರ ಬರುವ ಮೊದಲೇ ನೋವು, ಜ್ವರ, ಊಟ, ನೀರು, ನಂಟುಗಳ ಮಾತುಗಳನ್ನು ಎರಡೂ ಭಾಷೆಗಳಲ್ಲಿ ಬರೆದ ಒಂದು ಹಾಳೆಯನ್ನು ಗುರುಗಳ ನೆರವಿನಿಂದ ಅವರು ಸಿದ್ಧಪಡಿಸಬಹುದು. ತಪಾಸಣೆಯ ದಿನ ಇಬ್ಬಿಬ್ಬರಂತೆ ಮೇಜಿನ ಬಳಿ ನಿಂತು ಅಜ್ಜ ಅಜ್ಜಿಯರ ಮಾತನ್ನು ತಿಳಿಸಿಕೊಡಬಹುದು. ಶಿಬಿರ ಮುಗಿದ ಮೇಲೆ ಯಾರ ಯಾರಿಗೆ ಸೊಲ್ಲಾಪುರದ ಆಸ್ಪತ್ರೆಗೆ ಹೋಗಲು ಹೇಳಿದ್ದರೆಂಬ ಪಟ್ಟಿಯನ್ನು ಕೇಳಿ ಪಡೆದು, ಹೋದರೋ ಇಲ್ಲವೋ ಎಂದು ಮನೆಮನೆಗೆ ಹೋಗಿ ವಿಚಾರಿಸುವವರೂ ಊರಿನಲ್ಲೇ ಇರುವ ಈ ಮಕ್ಕಳು ಮತ್ತು ಅವರ ತಾಯಂದಿರೇ ಆಗಬೇಕು. ಶಿಬಿರದವರ ಬಸ್ಸು ಆ ಹೊತ್ತಿಗೆ ಹೊರಟುಹೋಗಿರುತ್ತದೆ.