ನೀರಿನ ರಿಪೋರ್ಟ್ ‘ಸರಿ ಇದೆ’ ಅಂದರೆ, ಏನು ಸರಿ ಇದೆ?

ಆಲಮಟ್ಟಿ ಅಂದಕೂಡಲೇ ನಾವು ಮಾತಾಡುವುದು ಎತ್ತರದ ಬಗ್ಗೆ. ಸದ್ಯ 519.60 ಮೀಟರ್, ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಒಪ್ಪಿದ್ದು 524.256 ಮೀಟರ್. ಎತ್ತರ ಹೆಚ್ಚಿದರೆ ಇನ್ನಷ್ಟು ಊರು ಎದ್ದು ಬೇರೆ ಕಡೆ ಹೋಗಬೇಕು. ಪರಿಹಾರದ ಮೊತ್ತದ ಬಗ್ಗೆ ಹೋರಾಟ ಆಗುತ್ತಿದೆ, ಆಗಲೇಬೇಕು. ನನ್ನ ಪ್ರಶ್ನೆ ಇನ್ನೊಂದಿದೆ: ಹೊಸ ಜಾಗದಲ್ಲಿ ಕೊಳವೆಬಾವಿ ಕೊರೆದರೆ, ಆ ನೀರಲ್ಲಿ ಏನಿದೆ ಅಂತ ಯಾರು ನೋಡ್ತಾರೆ?

ಈ ಪ್ರಶ್ನೆಗೆ ಕಾರಣ ಕೃಷ್ಣೆಯ ಕೆಳಭಾಗದಲ್ಲೇ ಇದೆ. ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾ ಹಳೆಯ ಚಿನ್ನದ ಗಣಿಗಾರಿಕೆ ನಡೆದ ಪ್ರದೇಶದಲ್ಲಿದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ಭಾಗದ 59 ಕೊಳವೆಬಾವಿ ಮಾದರಿಗಳ ಪೈಕಿ ಶೇ. 79ರಲ್ಲಿ ಆರ್ಸೆನಿಕ್ ಪ್ರಮಾಣ ಲೀಟರ್‌ಗೆ 10 ಮೈಕ್ರೋಗ್ರಾಂ ಮಿತಿಯನ್ನು ದಾಟಿತ್ತು. ಗರಿಷ್ಠ 303. ಪರೀಕ್ಷಿಸಿದ 181 ಜನರಲ್ಲಿ ಶೇ. 58.6ರಷ್ಟು ಮಂದಿಯ ಚರ್ಮದ ಮೇಲೆ ಆರ್ಸೆನಿಕ್ ಗುರುತುಗಳಿದ್ದವು. ಕಲುಷಿತ ಅಂತರ್ಜಲವೇ ಮುಖ್ಯ ಕಾರಣ ಇರಬಹುದು ಅನ್ನೋ ಊಹೆಗೆ ಜನರು ಹೇಳಿದ ರೋಗಲಕ್ಷಣಗಳ ಕಾಲಾನುಕ್ರಮ ಹೊಂದುತ್ತಿತ್ತು.

ಆರ್ಸೆನಿಕ್‌ಗೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಟಿಡಿಎಸ್ ಮೀಟರ್ ಕೂಡ ಇದನ್ನು ಹಿಡಿಯಲ್ಲ. ಅದು ನೀರಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ಕೊಡುತ್ತೆ, ಅದೂ ಮಿಲಿಗ್ರಾಂನಲ್ಲಿ. ಟಿಡಿಎಸ್ 500 ಮಿಲಿಗ್ರಾಂ ಇರುವ ನೀರಲ್ಲಿ 10 ಮೈಕ್ರೋಗ್ರಾಂ ಅಂದರೆ ಐವತ್ತು ಸಾವಿರದಲ್ಲಿ ಒಂದು ಭಾಗ.

ಇದನ್ನು ಹಿಡಿಯುವ ವಿಧಾನಗಳಲ್ಲೊಂದು ಅಟಾಮಿಕ್ ಅಬ್ಸಾರ್ಪ್ಷನ್, ಅಂದರೆ ಪರಮಾಣು ಬೆಳಕು ಹೀರುವುದನ್ನು ಅಳೆಯೋದು. ಆಸ್ಟ್ರೇಲಿಯಾದ ಅಲನ್ ವಾಲ್ಷ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಪ್ರತಿ ಲೋಹದ ಪರಮಾಣು ತನ್ನದೇ ಅಲೆಯುದ್ದದ ಬೆಳಕನ್ನು ಹೀರುತ್ತೆ. ಆರ್ಸೆನಿಕ್‌ಗೆ ಅದು 193.7 ನ್ಯಾನೋಮೀಟರ್. ಆ ಬೆಳಕು ಕೊಡಲು ಆರ್ಸೆನಿಕ್ಕೇ ಇರುವ ದೀಪ ಹಾಕುತ್ತಾರೆ. ಮಾದರಿಗೆ ಆಮ್ಲ ಮತ್ತು ಸೋಡಿಯಂ ಬೋರೋಹೈಡ್ರೈಡ್ ಸೇರಿಸಿದರೆ ಆರ್ಸೆನಿಕ್ ಅನಿಲವಾಗಿ ಹೊರಬರುತ್ತೆ. ಕಾದ ಕೊಳವೆಯಲ್ಲಿ ಅದು ಬಿಡಿ ಪರಮಾಣುಗಳಾಗುತ್ತೆ. ದೀಪದ ಬೆಳಕು ಎಷ್ಟು ಕುಗ್ಗಿತು ಅನ್ನೋದನ್ನು, ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಗಳ ಜೊತೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಕಿರದಳ್ಳಿ ಅಧ್ಯಯನದಲ್ಲಿ ಬಳಸಿದ್ದೂ ಇದೇ ವಿಧಾನ. ನೀರಷ್ಟೇ ಅಲ್ಲ, ಮಣ್ಣು, ಆಹಾರ, ಕೂದಲು, ಉಗುರುಗಳಲ್ಲೂ ಅಳೆದರು. ಕಾಳು, ಸೊಪ್ಪಿನಂಥ ಮಾದರಿಯನ್ನು ಮೊದಲು ಬಿಸಿ ಆಮ್ಲದಲ್ಲಿ ಕರಗಿಸಿಕೊಳ್ಳಬೇಕು.

ರಾಜಕೀಯ ಇರೋದು ಆ ದೀಪದಲ್ಲಿ. ಆರ್ಸೆನಿಕ್ ದೀಪ ಹಾಕಿದರೆ ಸೀಸ ಕಾಣಲ್ಲ, ಸೀಸದ ದೀಪ ಹಾಕಿದರೆ ಕ್ಯಾಡ್ಮಿಯಂ ಕಾಣಲ್ಲ. ಯಾರೂ ಕೇಳದ ಲೋಹ ರಿಪೋರ್ಟಿನಲ್ಲಿ ಬರೋದೇ ಇಲ್ಲ. ಫ್ಲೋರೈಡ್, ನೈಟ್ರೇಟ್ ಮಾತ್ರ ನೋಡಿ ‘ಕುಡಿಯಲು ಯೋಗ್ಯ’ ಅಂತ ಬರೆದರೆ, ಲೋಹಗಳ ವಿಷಯದಲ್ಲಿ ಆ ಕಾಗದ ಏನನ್ನೂ ಹೇಳಿಲ್ಲ.

ಆಲಮಟ್ಟಿಯ ನೀರಲ್ಲಿ ವಿಷ ಇದೆ ಅಂತ ನಾನು ಹೇಳ್ತಿಲ್ಲ. ಪುನರ್ವಸತಿ ಕೇಂದ್ರದ ಕೊಳವೆಬಾವಿಗೆ ಪಂಪ್ ಇಳಿಸುವ ಮೊದಲೇ ಲೋಹಗಳ ಪರೀಕ್ಷೆ ಆಗಲಿ ಅಂತ ಕೇಳ್ತಿದ್ದೇನೆ. ಗ್ರಾಮಸಭೆಯಲ್ಲಿ, ಇಲ್ಲವೇ ಆರ್‌ಟಿಐ ಅರ್ಜಿಯಲ್ಲಿ ನೀವು ಕೇಳಬೇಕಾದ್ದು ಮೂರು: ಯಾವ ಯಾವ ಲೋಹ ನೋಡಿದಿರಿ? ಮಾದರಿಯನ್ನು ಯಾವ ಬಾವಿಯಿಂದ, ಯಾವ ತಿಂಗಳಲ್ಲಿ ತೆಗೆದಿರಿ? ನಿಮ್ಮ ಯಂತ್ರ ಎಷ್ಟು ಕಡಿಮೆ ಪ್ರಮಾಣದವರೆಗೆ ಕಾಣುತ್ತೆ? ಕೊನೆಯದನ್ನು ಬಿಡಲೇಬೇಡಿ. ಮಿತಿ 10 ಇದ್ದು, ಯಂತ್ರ 50ಕ್ಕಿಂತ ಕಡಿಮೆ ಕಾಣದಿದ್ದರೆ, ‘ಪತ್ತೆಯಾಗಿಲ್ಲ’ ಅನ್ನೋ ಉತ್ತರಕ್ಕೆ ಬೆಲೆಯೇ ಇಲ್ಲ.