ಹಳೆಯ ಬೋಟಿನ ಎಂಜಿನ್‌ನಲ್ಲಿ ನೀರು: ಹಣ ಕೊಡುವ ಮೊದಲು

ಮಂಗಳೂರಿನಲ್ಲಾಗಲಿ ಮಲ್ಪೆಯಲ್ಲಾಗಲಿ, ಬಳಸಿದ ಮೋಟಾರ್ ಬೋಟನ್ನು ಕೊಳ್ಳುವವರು ಹೊರಮೈಯನ್ನೂ ಬಣ್ಣವನ್ನೂ ನೋಡಿ ಬೆಲೆ ಕಟ್ಟುವುದುಂಟು. ನಷ್ಟ ಅಡಗಿರುವುದು ಎಂಜಿನ್‌ನಲ್ಲಿ.

ಡಿಪ್‌ಸ್ಟಿಕ್‌ಗೆ ಅಂಟಿದ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದರಲ್ಲಿ ನೀರು ಸೇರಿದೆಯೆಂದೇ ತಿಳಿಯಬೇಕು. ಮುಚ್ಚಳದಡಿಯಲ್ಲಷ್ಟೇ ಕಾಣುವ ತೆಳುನೊರೆ ಹವೆಯ ತೇವವಿರಬಹುದು. ಆಯಿಲ್ ಶುಭ್ರವಾಗಿದ್ದ ಮಾತ್ರಕ್ಕೆ ಎಂಜಿನ್ ನಿರ್ದೋಷಿಯೆನ್ನಲಾಗದು; ಮಾರಾಟದ ಹಿಂದಿನ ದಿನ ಆಯಿಲ್ ಬದಲಿಸುವುದು ಕಷ್ಟದ ಕೆಲಸವೇನಲ್ಲ! ಆದುದರಿಂದ ಬೋಟನ್ನು ನೀರಿನಲ್ಲಿ ಚೆನ್ನಾಗಿ ಓಡಿಸಿ, ರಾತ್ರಿಯಿಡೀ ನಿಲ್ಲಿಸಿ, ಮರುದಿನ ಎಂಜಿನ್ ಚಾಲೂ ಮಾಡುವ ಮೊದಲೇ ಸಂಪ್‌ನ ತಳದಿಂದ ಸ್ವಲ್ಪ ಆಯಿಲ್ ತೆಗೆಯಿಸತಕ್ಕದ್ದು. ಬೆರೆಯದೆ ಉಳಿದ ನೀರು ಭಾರವಾದುದರಿಂದ ತಳದಲ್ಲಿರುತ್ತದೆ.

ನೀರು ಬಂದ ದಾರಿಯೇ ಖರ್ಚನ್ನು ನಿರ್ಧರಿಸುತ್ತದೆ. ಹೆಡ್ ಗ್ಯಾಸ್ಕೆಟ್ ಮಾತ್ರ ಸೋರಿದ್ದರೆ ಅದು ದುರಸ್ತಿಯ ಮಾತು. ಸಮುದ್ರದ ನೀರು ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ತಿಂದು ಸಿಲಿಂಡರಿಗೆ ಇಳಿದಿದ್ದರೆ, ಬೇರಿಂಗ್‌ಗಳಿಗೂ ತುಕ್ಕು ಹಿಡಿದಿರಬಹುದು. ಆಯಿಲ್‌ನ ಪ್ರಯೋಗಾಲಯ ಪರೀಕ್ಷೆಯಿಂದ ಉಪ್ಪಿನಂಶ ಗೊತ್ತಾಗುತ್ತದೆ. ಸಂಶಯವಿದ್ದಲ್ಲಿ ಸ್ಟಾರ್ಟರ್ ಒತ್ತಲೇಬಾರದು: ಸಿಲಿಂಡರಿನಲ್ಲಿ ನಿಂತ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್ ಅಥವಾ ಇಂಜೆಕ್ಟರ್‌ಗಳನ್ನು ಬಿಚ್ಚಿ, ಎಂಜಿನ್ ಅನ್ನು ಕೈಯಿಂದ ತಿರುಗಿಸಿ ನೋಡಬೇಕು.

1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನಂತೆ, ಕೆಲವು ವಿನಾಯಿತಿಗಳ ಹೊರತು ಸರಕಿನ ಗುಣಮಟ್ಟವನ್ನು ಪರಿಶೀಲಿಸುವ ಹೊಣೆ ಕೊಳ್ಳುವವನದೇ. ಮುಂಗಡ ಕೊಡುವಾಗಲೇ ‘ಎಂಜಿನ್ ಪರೀಕ್ಷೆಗೆ ಒಳಪಟ್ಟು’ ಎಂಬ ಷರತ್ತನ್ನು ಕರಾರಿನಲ್ಲಿ ಬರೆಯಿಸುವುದು ಲೇಸು. ಕೊಂಡ ಬೋಟನ್ನು ಬಳಕೆಗೆ ತರಲು ಮೊದಲೇ ಮಾಡಿಸಬೇಕಾದ ದುರಸ್ತಿಯ ವೆಚ್ಚ ಆಸ್ತಿಯ ಮೂಲಬೆಲೆಗೆ ಸೇರುತ್ತದೆ. ಆ ವರ್ಷದ ಲಾಭದಿಂದ ಅದನ್ನು ಪೂರ್ತಿ ಕಳೆಯಲಾಗದು, ಸವಕಳಿಯಾಗಿ ವರ್ಷವರ್ಷವೂ ಕಳೆಯುತ್ತ ಹೋಗಬೇಕು.