ಅಭ್ಯಾಸ ಪಾಠದಲ್ಲಿ ಮಡಕೆ

ಪರಿಸರ ಅಧ್ಯಯನದ ಅಭ್ಯಾಸ ಪಾಠಗಳಲ್ಲಿ ‘ನಮ್ಮ ಸಹಾಯಕರು’ ಚಿತ್ರಪಟ ಆಗಾಗ ಗೋಡೆಗೇರುತ್ತದೆ. ‘ಕುಂಬಾರ ಮಡಕೆ ಮಾಡುತ್ತಾನೆ’ ಎಂದು ಮಕ್ಕಳಿಂದ ಹೇಳಿಸಿ ಬಡಗಿಯ ಕಡೆ ಹೊರಳುತ್ತೇವೆ. ನಾನು ಕುಂಬಾರರ ಮನೆಯವನು. ಆ ವಾಕ್ಯದಿಂದ ಮಗುವಿಗೆ ಒಂದು ಜಾತಿಯ ಹೆಸರು ಸಿಗುತ್ತದೆಯೇ ಹೊರತು ಅದರೊಳಗಿನ ವಿದ್ಯೆ ಸಿಗುವುದಿಲ್ಲ.

ನಮ್ಮ ಮನೆಯಲ್ಲಿ ತಿಗರಿಗೆ ಕೂರುವವರು ಅಪ್ಪ. ಆದರೆ ಕೆರೆಯ ಜೇಡಿಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ಬೂದಿ ಮರಳು ಬೆರೆಸಿ ತುಳಿದು ಹದಮಾಡುವವರು ಅಮ್ಮ. ಬರೀ ಜೇಡಿಯಾದರೆ ಒಣಗುವಾಗ ಬಹಳ ಕುಗ್ಗಿ ಸೀಳುತ್ತದೆ. ಮರಳು ಹೆಚ್ಚಾದರೆ ತಿಗರಿಯ ಮೇಲೆ ಏಳುವುದೇ ಇಲ್ಲ. (ಪಠ್ಯದ ‘ಕುಂಬಾರ’ ಪುಲ್ಲಿಂಗದಲ್ಲಿ ಅಮ್ಮನಿಗೆ ಜಾಗವಿಲ್ಲ.) ತಿಗರಿಯಿಂದ ಇಳಿದ ಗಡಿಗೆಯ ಗೋಡೆ ದಪ್ಪ. ಅರೆ ಒಣಗಿದ ಮೇಲೆ ಒಳಗೆ ಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ಹೋದಂತೆ ಗೋಡೆ ತೆಳುವಾಗಿ ಹೊಟ್ಟೆ ಹಿಗ್ಗುತ್ತದೆ. ಆಮೇಲೆ ನೆರಳಿನಲ್ಲಿ ಒಣಗಬೇಕು. ತೇವ ಉಳಿದರೆ ಆವಿಗೆಯಲ್ಲಿ ಅದು ಹಬೆಯಾಗಿ ಗಡಿಗೆಯನ್ನೇ ಒಡೆಯುತ್ತದೆ.

ಭೌತಿಕ ಬದಲಾವಣೆ, ರಾಸಾಯನಿಕ ಬದಲಾವಣೆ ಕಲಿಸಲು ಕಾಗದ ಹರಿದು, ಕಾಗದ ಸುಟ್ಟು ತೋರಿಸುವುದು ನಮ್ಮ ರೂಢಿ. ಅದರ ಬದಲು ಎರಡು ಗಾಜಿನ ಲೋಟಗಳಲ್ಲಿ ನೀರು ತೆಗೆದುಕೊಳ್ಳಿ. ಒಂದರಲ್ಲಿ ಒಣಗಿದ ಹಸಿ ಮಡಕೆಯ ಚೂರು, ಇನ್ನೊಂದರಲ್ಲಿ ಸುಟ್ಟ ಚೂರು ಹಾಕಿ. ಸ್ವಲ್ಪ ಹೊತ್ತಿನಲ್ಲಿ ಹಸಿ ಚೂರು ಕುಸಿದು ಮತ್ತೆ ಕೆಸರಾಗುತ್ತದೆ. ಬಿಸಿಲು ಕಳೆದದ್ದು ಕಣಗಳ ನಡುವಿನ ನೀರನ್ನು ಮಾತ್ರ. ಆವಿಗೆಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಖನಿಜದ ರಚನೆಯೊಳಗೇ ಬೆಸೆದಿದ್ದ ನೀರಂಶವೂ ಹೋಗುತ್ತದೆ. ಅಲ್ಲಿಂದ ಮಣ್ಣಿಗೆ ಮರಳುವ ದಾರಿಯಿಲ್ಲ. ಸುಟ್ಟ ಚೂರಿನಿಂದ ಗುಳ್ಳೆಗಳೇಳುವುದನ್ನು ಮಕ್ಕಳೇ ಮೊದಲು ಗುರುತಿಸಲಿ. ಗುಳ್ಳೆ ಎಂದರೆ ರಂಧ್ರ. ಆ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಶಾಖ ಒಯ್ಯುವುದರಿಂದಲೇ ಮಡಕೆಯ ನೀರು ತಂಪು. ಹಳೆಯ ಮಡಕೆ ಅಷ್ಟು ತಂಪು ಕೊಡದಿರುವುದೇಕೆ ಎಂಬ ಪ್ರಶ್ನೆಯನ್ನು ಮೌಲ್ಯಮಾಪನಕ್ಕೆ ಇಟ್ಟುಕೊಳ್ಳಬಹುದು.

ಪೂರ್ವಜ್ಞಾನ ಪರೀಕ್ಷೆಯ ಹೆಸರಿನಲ್ಲಿ ‘ಇಲ್ಲಿ ಕುಂಬಾರರ ಮಕ್ಕಳು ಯಾರು?’ ಎಂದು ಮಾತ್ರ ಕೇಳಬೇಡಿ. ನಾನು ಓದುವಾಗ ಶಿಕ್ಷಕರೊಬ್ಬರು ಹೀಗೆ ಕೇಳಿ ನನ್ನನ್ನು ನಿಲ್ಲಿಸಿದ್ದರು. ಪಾಠ ಮುಗಿಯುವವರೆಗೆ ನಾನೇ ಬೋಧನೋಪಕರಣ. ಮದುವೆಯ ಐರಣಿ ಗಡಿಗೆಗೆ ವಾದ್ಯದೊಡನೆ ನಮ್ಮ ಮನೆ ಬಾಗಿಲಿಗೆ ಬರುತ್ತಿದ್ದವರ ಮಕ್ಕಳೇ ಅಂದು ನಕ್ಕರು. ಚೂರುಗಳನ್ನು ಮೊದಲು ಮೇಜಿನ ಮೇಲಿಡಿ. ಗೊತ್ತಿರುವ ಮಗು ತಾನಾಗಿ ಬಾಯಿ ತೆರೆದರೆ ಪಾಠಯೋಜನೆ ಬದಿಗಿಟ್ಟು ಕೇಳಿಸಿಕೊಳ್ಳಿ.

ಹಸಿ ಚೂರುಗಳನ್ನು ಬೇಸಿಗೆಯಲ್ಲೇ ಕೇಳಿ ತಂದಿಟ್ಟುಕೊಳ್ಳುವುದು ಒಳ್ಳೆಯದು. ಮಳೆ ಹಿಡಿದರೆ ನಮ್ಮಲ್ಲಿ ಆವಿಗೆ ಹಚ್ಚುವುದಿಲ್ಲ. ಬಿರುಕುಬಿಟ್ಟ ಹಸಿ ಗಡಿಗೆಗಳನ್ನು ಅಮ್ಮ ಬಹಳ ದಿನ ಇಡುವುದೂ ಇಲ್ಲ, ನೀರಿಗೆ ಹಾಕಿ ಮತ್ತೆ ಕಲಸಿಬಿಡುತ್ತಾರೆ.